ಗೋರಿಗಳ ನಡುವೆ ಬುತ್ತಿ ಬಿಚ್ಚಿದವರು

ಅಮೆರಿಕದ ಅಟ್ಲಾಂಟಾ ನಗರದ ಓಕ್‌ಲ್ಯಾಂಡ್ ಸ್ಮಶಾನದಲ್ಲಿ ಬೆಳಗ್ಗೆ ಓಡುವವರಿದ್ದಾರೆ, ನಾಯಿ ಹಿಡಿದು ಅಡ್ಡಾಡುವವರಿದ್ದಾರೆ, ಕೂಸಿನ ಗಾಡಿ ತಳ್ಳಿಕೊಂಡು ಬರುವ ತಾಯಂದಿರಿದ್ದಾರೆ. ಮಧ್ಯಾಹ್ನ ಮರದ ನೆರಳು ಹುಡುಕಿ ಊಟದ ಡಬ್ಬಿ ಬಿಚ್ಚುವವರೂ ಇದ್ದಾರೆ. ಅಲ್ಲಿ ಮದುವೆಗಳಾಗುತ್ತವೆ. ಅಕ್ಟೋಬರ್ ಬಂತೆಂದರೆ ಒಂದು ಭಾನುವಾರ ಹಾಡು, ತಿಂಡಿ, ಹಳೆಯ ಕಾಲದ ವೇಷ ಎಲ್ಲ ಸೇರಿ ಜಾತ್ರೆಯೇ ನಡೆಯುತ್ತದೆ. ಒಟ್ಟು 48 ಎಕರೆ ಜಾಗ. ಅದರಲ್ಲಿ ಸುಮಾರು 70,000 ಜನ ಮಣ್ಣಾಗಿದ್ದಾರೆ. ನಗರಸಭೆಗೆ ಅದು ಸ್ಮಶಾನವೂ ಹೌದು, ಉದ್ಯಾನವೂ ಹೌದು. ಸೂರ್ಯ ಹುಟ್ಟಿದಾಗ ಬಾಗಿಲು ತೆರೆದರೆ ಮುಳುಗುವ ತನಕ ಯಾರು ಬೇಕಾದರೂ ಒಳಗೆ ಹೋಗಬಹುದು, ಟಿಕೆಟ್ ಇಲ್ಲ.

ಮಗಳ ಮನೆ ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿದೆ. ನಾನು ದಿನಾ ಅಲ್ಲಿಗೇ ವಾಕಿಂಗ್ ಹೋಗುತ್ತೇನೆ ಎಂದು ಊರಿನ ಗೆಳತಿಯರಿಗೆ ಫೋನಿನಲ್ಲಿ ಹೇಳಿದಾಗ, "ಶಿವಶಿವಾ, ಬ್ಯಾರೆ ಜಾಗಾನೇ ಸಿಗಲಿಲ್ಲೇನವಾ ನಿನಗ?" ಅಂದರು. ಆ ಗಾಬರಿ ನನಗೆ ಅರ್ಥವಾಗುತ್ತದೆ. ಆದರೆ ನನ್ನಲ್ಲಿ ಅದು ಹುಟ್ಟಲೇ ಇಲ್ಲ. ಸಮಾಧಿಯ ಪಕ್ಕ ಕೂತು ಉಣ್ಣುವುದು ನನಗೆ ಚಿಕ್ಕಂದಿನಿಂದ ರೂಢಿ.

ನಮ್ಮದು ಹಾವೇರಿ ಕಡೆಯ ಊರು. ಲಿಂಗಾಯತರಾದ ನಮ್ಮಲ್ಲಿ ಸುಡುವುದಿಲ್ಲ, ಕುಣಿ ತೆಗೆದು, ಕುಳ್ಳಿರಿಸಿ, ಅಂಗೈಯಲ್ಲಿ ಇಷ್ಟಲಿಂಗವಿಟ್ಟು, ವಿಭೂತಿ ಪತ್ರಿ ಹಾಕಿ ಮಣ್ಣು ಕೊಡುತ್ತೇವೆ. ಹೊಲ ಇದ್ದವರು ಹೊಲದಲ್ಲೇ ಮಣ್ಣು ಮಾಡುತ್ತಾರೆ. ನಮ್ಮ ಮುತ್ತಜ್ಜ, ಅಜ್ಜ, ಅಜ್ಜಿ, ಒಬ್ಬ ಕಾಕಾ, ಹುಟ್ಟಿದ ವರ್ಷವೇ ಹೋದ ನನ್ನ ತಂಗಿ ಎಲ್ಲರೂ ಬದುವಿನ ಬೇವಿನ ಮರದ ಬುಡದಲ್ಲಿದ್ದಾರೆ. ಎತ್ತು ಹೂಡಿದವರು ಆ ಕಟ್ಟೆ ಬಳಸಿ ಹೂಡುತ್ತಿದ್ದರು, ಬಿಸಿಲು ಏರಿದರೆ ಅದೇ ಕಟ್ಟೆಯ ಮೇಲೆ ಕೂತು ನೀರು ಕುಡಿಯುತ್ತಿದ್ದರು. ಎಳ್ಳ ಅಮಾವಾಸ್ಯೆಯ ದಿನ ಇಡೀ ಮನೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೊರಡುತ್ತಿತ್ತು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿ ಪಲ್ಲೆ, ಶೇಂಗಾ ಹೋಳಿಗೆ, ಮೊಸರು ಬುತ್ತಿ. ಮೊದಲು ಹಿರಿಯರಿಗೆ ಎಡೆ, ಆಮೇಲೆ ಹೊಲದ ನಾಲ್ಕೂ ದಿಕ್ಕಿಗೆ ಚರಗ, ಆಮೇಲೆ ನಮ್ಮ ಪಂಕ್ತಿ. ಉಂಡ ಮೇಲೆ ಮಕ್ಕಳು ಆ ಕಟ್ಟೆಗಳ ಮೇಲೆಯೇ ಜಿಗಿದಾಡುತ್ತಿದ್ದೆವು. ಯಾರೂ ಗದರುತ್ತಿರಲಿಲ್ಲ. "ಅಜ್ಜ ನೋಡ್ತಾನ, ಆಡ್ರಿ" ಅನ್ನುತ್ತಿದ್ದಳು ಅವ್ವ.

ಆದ್ದರಿಂದ ಓಕ್‌ಲ್ಯಾಂಡಿನಲ್ಲಿ ಒಂದು ಕುಟುಂಬ ಚಾದರ ಹಾಸಿ, ಮಕ್ಕಳಿಗೆ ಸ್ಯಾಂಡ್‌ವಿಚ್ ಹಂಚುತ್ತಿದ್ದುದನ್ನು ಕಂಡಾಗ ನನಗೆ ಹಿತವೆನಿಸಿತು. ಇದು ಇತ್ತೀಚಿನ ಷೋಕಿಯೂ ಅಲ್ಲ. 1831ರಲ್ಲಿ ಬಾಸ್ಟನ್ ಪಕ್ಕದ ಕೇಂಬ್ರಿಡ್ಜಿನಲ್ಲಿ ಮೌಂಟ್ ಆಬರ್ನ್ ಸ್ಮಶಾನ ಶುರುವಾದದ್ದೇ ತೋಟದ ರೂಪದಲ್ಲಿ. ಅಲ್ಲಿಯವರೆಗೆ ಚರ್ಚಿನ ಅಂಗಳದಲ್ಲಿ ಒಬ್ಬರ ಮೇಲೊಬ್ಬರನ್ನು ಹೂಳುತ್ತಿದ್ದರು. ಜಾಗ ಸಾಲದು, ರೋಗದ ಭಯ ಬೇರೆ. ಊರ ಹೊರಗೆ ಗುಡ್ಡ, ಮರ, ತಿರುವು ದಾರಿಗಳಿರುವ ಕಡೆ ಹೂಳೋಣ ಎಂಬ ವಿಚಾರ ಅಮೆರಿಕದ ಊರೂರಿಗೆ ಹಬ್ಬಿತು. ಆಗ ಅಲ್ಲಿನ ನಗರಗಳಲ್ಲಿ ಸಾರ್ವಜನಿಕ ಉದ್ಯಾನವೆಂಬುದೇ ಅಪರೂಪ. ಭಾನುವಾರ ಗಾಳಿ ಬೆಳಕಿಗೆ ಹೋಗಬೇಕೆಂದರೆ ಜನ ಬುಟ್ಟಿಯಲ್ಲಿ ಊಟ ತುಂಬಿಕೊಂಡು ಸ್ಮಶಾನಕ್ಕೇ ಹೋಗುತ್ತಿದ್ದರು. ತಮ್ಮವರ ಗೋರಿಗೆ ನೀರು ಹಾಕಿ, ಕಳೆ ಕಿತ್ತು, ಅಲ್ಲೇ ಉಂಡು ಸಂಜೆ ಮನೆಗೆ. ಅಟ್ಲಾಂಟಾಕ್ಕೆ ಗ್ರ್ಯಾಂಟ್ ಪಾರ್ಕ್ ಎಂಬ ದೊಡ್ಡ ಉದ್ಯಾನ ದಕ್ಕಿದ್ದು 1880ರ ದಶಕದಲ್ಲಿ. ಅದಕ್ಕೂ ಮೂವತ್ತು ವರ್ಷ ಮೊದಲೇ ಓಕ್‌ಲ್ಯಾಂಡ್ ಇತ್ತು.

ಶುರುವಾದದ್ದು 1850ರಲ್ಲಿ, ಬರೀ ಆರು ಎಕರೆಯಲ್ಲಿ. ಊರಿನವರು ಒಬ್ಬ ರೈತನಿಂದ ಜಮೀನು ಕೊಂಡಾಗ ಅವನ ಹೆಂಡತಿ ಆಗಲೇ ಆ ಹೊಲದಲ್ಲಿ ಮಣ್ಣಾಗಿದ್ದಳಂತೆ. ಇದನ್ನು ಓದಿದಾಗ ನಮ್ಮ ಬೇವಿನ ಮರ ಕಣ್ಣ ಮುಂದೆ ಬಂತು. 1860ರ ದಶಕದಲ್ಲಿ ಗುಲಾಮಗಿರಿಯ ವಿಷಯಕ್ಕೆ ಅಮೆರಿಕದ ಉತ್ತರ, ದಕ್ಷಿಣದ ರಾಜ್ಯಗಳು ಕಾದಾಡಿದ ಅಂತರ್ಯುದ್ಧದಲ್ಲಿ ಹೆಣಗಳು ರಾಶಿ ರಾಶಿಯಾಗಿ ಬಂದವು, ಸ್ಮಶಾನ ಬೆಳೆಯುತ್ತ 48 ಎಕರೆಯಾಯಿತು. ಓಕ್ ಮತ್ತು ಮ್ಯಾಗ್ನೋಲಿಯಾ ಮರಗಳು ತುಂಬಿದ್ದರಿಂದ 1872ರಲ್ಲಿ ಓಕ್‌ಲ್ಯಾಂಡ್ ಎಂಬ ಹೆಸರು ಬಂತು. ಈ ಮ್ಯಾಗ್ನೋಲಿಯಾ ನಮ್ಮ ಸಂಪಿಗೆಯ ಬಳಗದ್ದೇ. ಹೂವು ಮಾತ್ರ ಊಟದ ತಟ್ಟೆಯಷ್ಟು ಅಗಲ, ಬಿಳಿ, ನಿಂಬೆ ಬೆರೆತಂಥ ಪರಿಮಳ. ಜೂನಿನಲ್ಲಿ ಆ ಮರದ ಕೆಳಗೆ ನಿಂತರೆ ಮುಂದೆ ಕಾಲಿಡಲು ಮನಸ್ಸಾಗುವುದಿಲ್ಲ.

1896ರ ಇಟ್ಟಿಗೆಯ ಕಮಾನು ಬಾಗಿಲು ದಾಟಿ ಒಳಗೆ ಹೋದರೆ ಹಳೆಯ ಕುಟುಂಬಗಳ ಜಾಗಗಳು. ಒಂದೊಂದು ಕುಟುಂಬಕ್ಕೂ ಒಂದೊಂದು ಅಂಗಳ, ಸುತ್ತ ಮೊಣಕಾಲೆತ್ತರದ ಕಲ್ಲಿನ ಕಟ್ಟೆ, ಮೆಟ್ಟಿಲು, ಮೆಟ್ಟಿಲ ಮೇಲೆ ಮನೆತನದ ಹೆಸರು. ಥೇಟ್ ಒಂದು ಓಣಿ. ನಡುನಡುವೆ ಹೆಣ ಇಡುವ, ಸಣ್ಣ ಗುಡಿಯಂಥ ಕಲ್ಲಿನ ಮನೆಗಳು, ಅವುಗಳ ಕಿಟಕಿಗೆ ಬಣ್ಣದ ಗಾಜು. ಪ್ರತಿ ಅಂಗಳಕ್ಕೂ ಅದರದೇ ತೋಟವಿದೆ. ಗುಲಾಬಿ, ಐರಿಸ್, ಕತ್ತರಿಸಿ ಒಪ್ಪ ಮಾಡಿದ ಬೇಲಿ ಗಿಡ. ಅವನ್ನು ನೋಡಿಕೊಳ್ಳುವವರು ಬಹುತೇಕ ಸ್ವಯಂಸೇವಕರು. ಇಪ್ಪತ್ತನೇ ಶತಮಾನದ ನಡುವಿಗೆ ಕುಟುಂಬಗಳು ಚದುರಿ ಹೋಗಿ, ಕಲ್ಲು ಬಿದ್ದು, ಹುಲ್ಲು ಬೆಳೆದು ಇಡೀ ಜಾಗ ಹಾಳು ಸುರಿಯುತ್ತಿತ್ತಂತೆ. 1976ರಲ್ಲಿ ಹಿಸ್ಟಾರಿಕ್ ಓಕ್‌ಲ್ಯಾಂಡ್ ಫೌಂಡೇಶನ್ ಎಂಬ ಸಂಸ್ಥೆ ಹುಟ್ಟಿಕೊಂಡು ನಗರಸಭೆಯ ಜೊತೆ ಸೇರಿ ಮರಳಿ ಕಟ್ಟತೊಡಗಿತು. 2008ರ ಮಾರ್ಚ್‌ನಲ್ಲಿ ಒಂದು ರಾತ್ರಿ ಸುಂಟರಗಾಳಿ ನಗರಕ್ಕೇ ಹೊಕ್ಕು, ನೂರು ವರ್ಷದ ಮರಗಳನ್ನು ಕಲ್ಲುಗಳ ಮೇಲೆ ಕೆಡವಿತು. ಅದನ್ನೂ ಎತ್ತಿ ನಿಲ್ಲಿಸಿದ್ದಾರೆ. ಕೆಲವು ಕಲ್ಲುಗಳ ಮೇಲೆ ಜೋಡಿಸಿದ ಗೆರೆ ಕಾಣುತ್ತದೆ.

ಕಲ್ಲು ಓದುವುದನ್ನು ನನಗೆ ಕಲಿಸಿದ್ದು ಅಲ್ಲಿನ ಸ್ವಯಂಸೇವಕಿ, ವಯಸ್ಸಿನಲ್ಲಿ ನನಗಿಂತ ಹಿರಿಯಳು. ನಡುವೆ ಮುರಿದಂತೆ ಕೆತ್ತಿದ ಕಂಬವಿದ್ದರೆ ಪ್ರಾಯದಲ್ಲೇ ಹೋದವರು. ಕುರಿಮರಿ ಇದ್ದರೆ ಕೂಸು. ಕೈ ಕೈ ಹಿಡಿದ ಕೆತ್ತನೆ ಗಂಡ ಹೆಂಡತಿಯರದು. ಕುರಿಮರಿಗಳು ಎಷ್ಟಿವೆ ಎಂದರೆ, ನೋಡುತ್ತ ಹೋದಂತೆ ಎದೆ ಭಾರವಾಗುತ್ತದೆ. ಒಂದೇ ಅಂಗಳದಲ್ಲಿ ನಾಲ್ಕು ಮರಿಗಳು ಸಾಲಾಗಿ ಮಲಗಿದ್ದನ್ನು ಕಂಡೆ. ಮಳೆಗೆ ಸವೆದು ಮುಖ ನುಣ್ಣಗಾಗಿತ್ತು. ನಮ್ಮವ್ವನೂ ಎರಡು ಕೂಸುಗಳನ್ನು ಕಳೆದುಕೊಂಡವಳು. ಒಂದರ ಗುರುತು ಬೇವಿನ ಬುಡದಲ್ಲಿದೆ, ಇನ್ನೊಂದರದು ಇಲ್ಲ. ಬಾಗಿಲಿಗೆ ಹತ್ತಿರದಲ್ಲೇ ಜಾಸ್ಪರ್ ಸ್ಮಿತ್ ಎಂಬ ಸಾಹುಕಾರ ತನ್ನ ಕಲ್ಲಿನ ಮನೆಯ ಮೇಲೆ ಕುರ್ಚಿ ಹಾಕಿ ಕೂತಿದ್ದಾನೆ, ಆಳೆತ್ತರದ ಮೂರ್ತಿ. ಬದುಕಿದ್ದಾಗ ಅವನು ಟೈ ಕಟ್ಟುತ್ತಿರಲಿಲ್ಲವಂತೆ, ಮೂರ್ತಿಗೂ ಟೈ ಇಲ್ಲ. ಗಾಲ್ಫ್ ಆಟಗಾರ ಬಾಬಿ ಜೋನ್ಸ್ ಗೋರಿಯ ಮೇಲೆ ಬಂದವರೆಲ್ಲ ಗಾಲ್ಫ್ ಚೆಂಡು ಇಟ್ಟು ಹೋಗುತ್ತಾರೆ. ಯಹೂದಿಗಳ ಭಾಗದಲ್ಲಿ ಹೀಬ್ರೂ ಅಕ್ಷರದ ಕಲ್ಲುಗಳು ಒತ್ತೊತ್ತಾಗಿ ನಿಂತಿವೆ, ಅವುಗಳ ತಲೆಯ ಮೇಲೆ ಯಾರೋ ಇಟ್ಟ ಹರಳುಗಲ್ಲು. ನಮ್ಮ ಮನೆಯಲ್ಲಿ ಪತ್ರಿ ಏರಿಸಿದ ಹಾಗೆ ಅವರಿಗೆ ಅದು.

ಇಷ್ಟನ್ನು ಯಾರು ಬಂದರೂ ನೋಡುತ್ತಾರೆ. ನಾನು ಬರೆಯಲು ಕೂತದ್ದು ಇದಕ್ಕಾಗಿ ಅಲ್ಲ.

1852ರಲ್ಲಿ, ಸ್ಮಶಾನ ಶುರುವಾದ ಎರಡೇ ವರ್ಷಕ್ಕೆ, ಊರಿನ ಆಡಳಿತ ಕರಿಯರ ಹೆಣಗಳನ್ನು ಹಿಂಭಾಗದಲ್ಲಿ, ಪೂರ್ವದ ಅಂಚಿನಲ್ಲೇ ಹೂಳಬೇಕೆಂದು ಗೊತ್ತು ಮಾಡಿತು. ಆ ಜಾಗಕ್ಕೆ ಸ್ಲೇವ್ ಸ್ಕ್ವೇರ್, ಅಂದರೆ ಗುಲಾಮರ ಚೌಕ ಎಂದೇ ಹೆಸರು. ಯುದ್ಧ ಮುಗಿದು ಗುಲಾಮಗಿರಿ ಹೋಗುವ ಹೊತ್ತಿಗೆ ಅಲ್ಲಿ 800ಕ್ಕೂ ಹೆಚ್ಚು ಜನ ಮಣ್ಣಾಗಿದ್ದರು. ಸ್ಮಶಾನ ಬೆಳೆಯಿತು, ಹಿಂಭಾಗವಾಗಿದ್ದದ್ದು ನಡುಭಾಗವಾಯಿತು, ಬೆಲೆಯುಳ್ಳ ಜಾಗವಾಯಿತು. 1877ರಲ್ಲಿ ಅವರನ್ನು ಅಗೆದು ತೆಗೆದು ಇನ್ನೊಂದು ಮೂಲೆಗೆ ಸಾಗಿಸಿ, ಆ ನೆಲವನ್ನು ಬಿಳಿಯ ಕುಟುಂಬಗಳಿಗೆ ಮಾರಿದರು. ಬದುಕಿದ್ದಾಗ ಒಡೆಯ ಹೇಳಿದಲ್ಲಿ ಇರಬೇಕಾಗಿದ್ದವರನ್ನು ಸತ್ತ ಮೇಲೂ ಎಬ್ಬಿಸಿ ಕಳಿಸಿದರು. ಇದನ್ನು ಓದಿದ ದಿನ ನಾನು ಆ ಚೆಂದದ ಅಂಗಳಗಳ ನಡುವೆ ನಡೆಯಲಾರದೆ ಮನೆಗೆ ಬಂದೆ.

ಈಗ ಆಫ್ರಿಕನ್ ಅಮೆರಿಕನ್ನರ ಭಾಗದಲ್ಲಿ 12,000ಕ್ಕೂ ಹೆಚ್ಚು ಜನರಿದ್ದಾರೆ. ಆದರೆ ನಿಂತು ನೋಡಿದರೆ ಕಲ್ಲುಗಳು ದೂರ ದೂರ, ನಡುವೆ ಬರೀ ಹುಲ್ಲು. ಕಲ್ಲು ಹಾಕಿಸುವ ಅನುಕೂಲ ಇಲ್ಲದವರು ಮರದ ಹಲಗೆ ನೆಟ್ಟಿದ್ದರು, ಗುರುತಿಗೊಂದು ಗಿಡ ನೆಟ್ಟಿದ್ದರು. ಹಲಗೆ ಕೊಳೆಯಿತು, ಗಿಡವನ್ನು ಯಾರೋ ಕಳೆ ಎಂದು ಕಿತ್ತರು. ನೆಲದೊಳಗೆ ತರಂಗ ಹಾಯಿಸಿ ನೋಡುವ ರೇಡಾರ್ ತಂದು ಪರೀಕ್ಷೆ ಮಾಡಿದಾಗ ಗುರುತಿಲ್ಲದ ನೂರಾರು ಗೋರಿಗಳು ಸಿಕ್ಕವು. ಆ ಭಾಗದ ಜೀರ್ಣೋದ್ಧಾರ ಮುಗಿದದ್ದು 2022ರಲ್ಲಿ. ಸ್ಮಶಾನ ಶುರುವಾಗಿ 172 ವರ್ಷದ ಮೇಲೆ.

ಅಲ್ಲಿ ಕ್ಯಾರಿ ಸ್ಟೀಲ್ ಲೋಗನ್ ಎಂಬ ತಾಯಿಯ ಕಲ್ಲಿದೆ. ಗುಲಾಮಗಿರಿಯಲ್ಲಿ ಹುಟ್ಟಿ, ಎಳವೆಯಲ್ಲೇ ತಬ್ಬಲಿಯಾದವಳು. ಅಟ್ಲಾಂಟಾದ ರೈಲು ನಿಲ್ದಾಣದಲ್ಲಿ ಕೆಲಸಕ್ಕಿದ್ದಳು. ನಿಲ್ದಾಣದಲ್ಲಿ ಯಾರೋ ಬಿಟ್ಟು ಹೋದ ಮಕ್ಕಳು ಸಿಗುತ್ತಿದ್ದವು. ಹಗಲು ಅವನ್ನು ಖಾಲಿ ರೈಲು ಡಬ್ಬಿಯಲ್ಲಿ ಕೂರಿಸಿ, ಕೆಲಸ ಮಾಡುತ್ತಲೇ ಕಣ್ಣಿಟ್ಟು, ರಾತ್ರಿ ತನ್ನ ಮನೆಗೆ ಕರೆದೊಯ್ಯುತ್ತಿದ್ದಳು. ಮಕ್ಕಳು ಹೆಚ್ಚಾದಾಗ ತನ್ನ ಬದುಕಿನ ಕತೆಯನ್ನು ಸಣ್ಣ ಪುಸ್ತಕ ಮಾಡಿ ಮಾರಿದಳು, ಮನೆ ಮಾರಿದಳು, ಮನೆ ಮನೆಗೆ ಹೋಗಿ ದುಡ್ಡು ಕೂಡಿಸಿದಳು. 1888ರಲ್ಲಿ ಅನಾಥಾಲಯ ಶುರು ಮಾಡಿದಳು. ಅದು ಇವತ್ತಿಗೂ ನಡೆಯುತ್ತಿದೆ. 1900ರಲ್ಲಿ ತೀರಿಕೊಂಡಳು. ಅವಳ ಕಲ್ಲಿನ ಮೇಲೆ ಬರೆದದ್ದು ಎರಡೇ ಮಾತು: ಅನಾಥರ ತಾಯಿ; ತನ್ನಿಂದ ಆದದ್ದನ್ನು ಅವಳು ಮಾಡಿದಳು. ನಾನು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿದವಳು. ರಾಜರ ಹೆಸರು, ಯುದ್ಧದ ಇಸವಿ ಎಷ್ಟು ಬಾಯಿಪಾಠ ಮಾಡಿಸಿದ್ದೇನೋ. ಇಂಥವಳ ಹೆಸರು ನನ್ನ ಯಾವ ಪಾಠದಲ್ಲೂ ಇರಲಿಲ್ಲ. ಮೊಮ್ಮಗಳಿಗೆ ಅವಳ ಕತೆಯನ್ನು ಕನ್ನಡದಲ್ಲೇ ಹೇಳಿದೆ. "ಅಜ್ಜಿ, ರೈಲು ಹೊಂಟು ಹೋಗಿದ್ರ ಆ ಮಕ್ಕಳು?" ಅಂತ ಕೇಳಿತು ಕೂಸು. ಆಮೇಲಿಂದ ಅಲ್ಲಿ ರೈಲಿನ ಸದ್ದು ಕೇಳಿದಾಗಲೆಲ್ಲ ಅದಕ್ಕೆ ಆ ಮಕ್ಕಳದೇ ಯೋಚನೆ. ಹಳಿ ಸ್ಮಶಾನದ ಗೋಡೆಗೇ ಹತ್ತಿದೆಯಾದ್ದರಿಂದ ಸದ್ದು ನಿಲ್ಲುವುದೇ ಇಲ್ಲ.

ಓಕ್‌ಲ್ಯಾಂಡಿನಲ್ಲಿ ಹಿಂದಿನ ಬಾಗಿಲಿನಿಂದ ಬನ್ನಿ, ಹಿಂದೆಯೇ ಹೂಳಿ ಎನ್ನಿಸಿಕೊಂಡು ಸಾಕಾದ ಕರಿಯರು 1886ರಲ್ಲಿ ತಮ್ಮದೇ ಸೌತ್ ವ್ಯೂ ಸ್ಮಶಾನವನ್ನು ಕಟ್ಟಿಕೊಂಡರು. ಮಾರ್ಟಿನ್ ಲೂಥರ್ ಕಿಂಗ್ ಅವರನ್ನು 1968ರಲ್ಲಿ ಮೊದಲು ಮಣ್ಣು ಮಾಡಿದ್ದು ಅಲ್ಲಿಯೇ. ಅಟ್ಲಾಂಟಾದ ಮೊದಲ ಕರಿಯ ಮೇಯರ್ ಮೇನಾರ್ಡ್ ಜಾಕ್ಸನ್ 2003ರಲ್ಲಿ ತೀರಿಕೊಂಡಾಗ ಮಾತ್ರ ಓಕ್‌ಲ್ಯಾಂಡಿನಲ್ಲೇ ಜಾಗವಾಯಿತು. ವಿಮಾನದಲ್ಲಿ ಅಟ್ಲಾಂಟಾಕ್ಕೆ ಬಂದಿಳಿಯುವ ನಾವೆಲ್ಲ ಕಾಲಿಡುವ ವಿಮಾನ ನಿಲ್ದಾಣಕ್ಕೆ ಅವರ ಹೆಸರೂ ಇದೆ.

ಯುದ್ಧದಲ್ಲಿ ಗುಲಾಮಗಿರಿಯ ಪಕ್ಷದಲ್ಲಿ ಹೋರಾಡಿ ಸತ್ತ ಸುಮಾರು 6,900 ಸೈನಿಕರೂ ಇಲ್ಲಿದ್ದಾರೆ. ಅವರಲ್ಲಿ ಸುಮಾರು 3,000 ಮಂದಿಯ ಹೆಸರು ಗೊತ್ತಿಲ್ಲ. ಅವರ ನೆನಪಿಗೆ 1894ರಲ್ಲಿ ಸಾಯುತ್ತಿರುವ ಸಿಂಹದ ದೊಡ್ಡ ಅಮೃತಶಿಲೆಯ ಮೂರ್ತಿ ನಿಲ್ಲಿಸಿದ್ದರು. ಜನ ಅದರ ಮೇಲೆ ಬಣ್ಣ ಎರಚಿದರು, ಒಡೆದರು, 2021ರಲ್ಲಿ ನಗರಸಭೆ ಅದನ್ನು ಎತ್ತಿಸಿತು. ಎತ್ತಿದ್ದು ಸರಿ ಎಂದೇ ನನ್ನ ಅಭಿಪ್ರಾಯ. ಸತ್ತ ಹುಡುಗರ ಗೋರಿಗಳು ಅಲ್ಲೇ ಇವೆ, ಅವುಗಳನ್ನು ಯಾರೂ ಮುಟ್ಟಿಲ್ಲ. ಹದಿನೆಂಟು ವರ್ಷದ ಹುಡುಗನಿಗೆ ಅಳಲು ಅವನ ತಾಯಿಗೆ ಗೋರಿ ಸಾಕು. ಸಿಂಹ ನಿಲ್ಲಿಸಿದ್ದು ಅಳಲಿಕ್ಕಲ್ಲ, ಆ ಯುದ್ಧವೇ ದೊಡ್ಡದಿತ್ತು ಎಂದು ಹೇಳಲಿಕ್ಕೆ.

ಇನ್ನು ಆ ಹುಲ್ಲುಗಾವಲು. ಓಕ್‌ಲ್ಯಾಂಡಿನಲ್ಲಿ ಕಣ್ಣಿಗೆ ಎಲ್ಲಕ್ಕಿಂತ ತಂಪಾದ ಜಾಗ ಅದೇ. ಒಂದೂ ಕಲ್ಲಿಲ್ಲದ ಹಸಿರು ಇಳಿಜಾರು, ಅಲ್ಲೊಂದು ಇಲ್ಲೊಂದು ಮರ, ಆಚೆ ಹಳೆಯ ಹತ್ತಿ ಗಿರಣಿಯ ಇಟ್ಟಿಗೆಯ ಚಿಮಣಿ. ಪಾರ್ಕಿನ ಪಾರ್ಕು ಅನ್ನಿಸುತ್ತದೆ. ಅದಕ್ಕೆ ಪಾಟರ್ಸ್ ಫೀಲ್ಡ್ ಎನ್ನುತ್ತಾರೆ, ದಿಕ್ಕಿಲ್ಲದವರನ್ನು ಹೂಳುವ ನೆಲ. ಗೋರಿಗೆ ಕಾಸು ಕೊಡಲಾಗದ ಸುಮಾರು 7,500 ಜನ ಆ ಹುಲ್ಲಿನ ಕೆಳಗಿದ್ದಾರೆ. ಕರಿಯರು, ಬಿಳಿಯರು ಎಲ್ಲ. 

ಅಲ್ಲಿ ಮಕ್ಕಳು ಓಡಾಡುವುದನ್ನು ನೋಡಿ ನನ್ನ ಅಳಿಯನಿಗೆ ಸ್ವಲ್ಪ ಇರುಸುಮುರುಸು. "ಇದು ಸರಿ ಅನಿಸ್ತದೇನ್ರಿ ಅತ್ತೆಮ್ಮ?" ಅಂತ ಕೇಳಿದರು. ಸರಿ ಅಂತಲೇ ಹೇಳಿದೆ. ಬೇಲಿ ಹಾಕಿ ಬೀಗ ಜಡಿದರೆ ಆ 7,500 ಮಂದಿ ಇನ್ನಷ್ಟು ಒಂಟಿಯಾಗುತ್ತಾರೆ. ಜನ ಬರಲಿ, ಉಣ್ಣಲಿ, ಮಕ್ಕಳು ಉರುಳಾಡಲಿ. ಆದರೆ ಯಾರ ಮೇಲೆ ಕೂತಿದ್ದೇವೆ ಎಂಬುದನ್ನು ಅಲ್ಲಿ ಕೂತ ಪ್ರತಿಯೊಬ್ಬರೂ ತಿಳಿದಿರಬೇಕು. ನಮ್ಮ ಹೊಲದಲ್ಲಿ ನಾವು ಕಟ್ಟೆಯ ಮೇಲೆ ಕುಣಿದೆವು, ಆದರೆ ಅದು ಯಾರ ಕಟ್ಟೆ ಎಂದು ಐದು ವರ್ಷದ ಕೂಸಿಗೂ ಗೊತ್ತಿತ್ತು. ಆ ತಿಳಿವಳಿಕೆ ಇದ್ದುದರಿಂದಲೇ ಆಟಕ್ಕೆ ಅಪ್ಪಣೆ ಇತ್ತು. ಓಕ್‌ಲ್ಯಾಂಡಿನವರು ಈಗ ಫಲಕ ಹಾಕಿ, ಜನರನ್ನು ಜೊತೆಗೆ ಕರೆದೊಯ್ದು, ಕತೆ ಹೇಳಿ ಈ ಕೆಲಸವನ್ನೇ ಮಾಡುತ್ತಿದ್ದಾರೆ. ಗುಲಾಬಿ ನೆಡುವುದಕ್ಕಿಂತ ಇದೇ ದೊಡ್ಡ ಕೆಲಸ ಎಂದು ನಾನು ಆ ಸ್ವಯಂಸೇವಕಿಗೆ ನನ್ನ ಹರಕು ಇಂಗ್ಲಿಷಿನಲ್ಲೇ ಹೇಳಿದೆ. ಆಕೆ ನನ್ನ ಕೈ ಹಿಡಿದುಕೊಂಡಳು.

ಇಲ್ಲಿ ಕೂತು ಅಲ್ಲಿನದನ್ನು ಯೋಚಿಸದೆ ಇರಲಾಗುವುದಿಲ್ಲ. ಜನನ, ಮರಣ, ಜಾತಿಯ ಸೂತಕ ಇಲ್ಲವೆಂದು ಹನ್ನೆರಡನೇ ಶತಮಾನದಲ್ಲೇ ಶರಣರು ಸಾರಿದ ನಾಡು ನಮ್ಮದು. ಆ ನಾಡಿನಲ್ಲಿ ಹೆಣ ಹೂಳಲು ನೆಲವಿಲ್ಲದ ಹಳ್ಳಿಗಳಿಗೆ ಸ್ಮಶಾನ ಭೂಮಿ ಕೊಡಿ ಎಂದು ಹೈಕೋರ್ಟ್ ಸರ್ಕಾರಕ್ಕೆ ಹೇಳಬೇಕಾಯಿತು. ಹೊಲ ಇದ್ದವರ ಹಿರಿಯರು ಹೊಲದಲ್ಲಿ ಮಲಗುತ್ತಾರೆ. ಹೊಲವೇ ಇಲ್ಲದ ಕೂಲಿಯವನ ಹಿರಿಯರು? ನಮ್ಮೂರಲ್ಲಿ ಅವರಿಗೆ ಹಳ್ಳದ ದಂಡೆ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಮೊಣಕಾಲು ನೀರಿನಲ್ಲಿ ಹೆಣ ಹೊತ್ತು ದಾಟಿದ್ದನ್ನು ನಾನೇ ಕಂಡಿದ್ದೇನೆ. ಅಲ್ಲಿ ಕಲ್ಲಿಲ್ಲ, ಕಟ್ಟೆಯಿಲ್ಲ, ಜಾಲಿ ಬೆಳೆದಿದೆ. ಒಂದು ಬದಿಯಿಂದ ಪಕ್ಕದ ಜಮೀನಿನ ಬದು ವರ್ಷವರ್ಷ ಸರಿಯುತ್ತ ಬರುತ್ತಿದೆ. ಆ ದಂಡೆಯಲ್ಲಿ ನನ್ನ ವಿದ್ಯಾರ್ಥಿಗಳ ಅಜ್ಜ ಅಜ್ಜಿಯರಿದ್ದಾರೆ, ನನ್ನ ವಿದ್ಯಾರ್ಥಿಗಳೂ ಕೆಲವರಿದ್ದಾರೆ. ಅಲ್ಲಿಗೆ ಹೋಗಿ ಒಂದು ದೇವಕಣಗಿಲೆ ನೆಟ್ಟವರಿಲ್ಲ.

ಮಕ್ಕಳ ಮನೆಗೆಂದು ಅಟ್ಲಾಂಟಾಕ್ಕೆ ಬರುವ ನಮ್ಮ ಕಡೆಯ ಹಿರಿಯರಿಗೆ ಒಂದು ಮಾತು. ಕೋಕಾ ಕೋಲಾ ಮ್ಯೂಸಿಯಂ, ಅಕ್ವೇರಿಯಂ ನೋಡಿ, ಬೇಡ ಅನ್ನುವುದಿಲ್ಲ. ಒಂದು ಬೆಳಗ್ಗೆ ಓಕ್‌ಲ್ಯಾಂಡಿಗೂ ಹೋಗಿ. ಕಿಂಗ್ ಮೆಮೋರಿಯಲ್ ಎಂಬ ಮೆಟ್ರೋ ನಿಲ್ದಾಣದಲ್ಲಿ ಇಳಿದರೆ ನಡೆದು ಹೋಗಬಹುದು. ಇಟ್ಟಿಗೆ ದಾರಿ ಬೇರು ಎದ್ದು ಏರುಪೇರಾಗಿದೆ, ಮೊಣಕಾಲು ನೋವಿದ್ದವರು ಕೋಲು ಹಿಡಿದಿರಿ. ಮಾರ್ಚ್ ಕೊನೆ, ಏಪ್ರಿಲ್ ಒಳ್ಳೆಯದು, ಡಾಗ್‌ವುಡ್ ಮರಗಳು ಬಿಳಿ ಹೂವು ಬಿಟ್ಟಿರುತ್ತವೆ. ಜುಲೈನಲ್ಲಿ ಬೆವರು ಧಾರಾಕಾರ. ಮುಂಬಾಗಿಲಿನಲ್ಲಿ ಹೊಕ್ಕರೂ ಸಾಹುಕಾರರ ಕಲ್ಲಿನ ಮನೆಗಳನ್ನು ಆಮೇಲೆ ನೋಡಿಕೊಳ್ಳಿ, ಮೊದಲು ಹಿಂದಕ್ಕೆ ಹೋಗಿ.

ಊರಿನಲ್ಲಿ ನನ್ನ ತಮ್ಮನಿಗೆ ಒಂದು ಕೆಲಸ ಹೇಳಿದ್ದೇನೆ. ನೂರು ಹಾಳೆಯ ಒಂದು ನೋಟ್‌ಬುಕ್ ತಂದು, ಹಳ್ಳದ ದಂಡೆಯಲ್ಲಿ ಮಣ್ಣಾದವರ ಹೆಸರುಗಳನ್ನು ಹಿರಿಯರ ಬಾಯಿಂದ ಕೇಳಿ ಬರೆಯಬೇಕು. ಯಾರ ಮಗ, ಯಾರ ಹೆಂಡತಿ, ಏನು ಕೆಲಸ ಮಾಡುತ್ತಿದ್ದರು, ಯಾವ ಮರದ ಬಲಕ್ಕೆ, ಯಾವ ಬಂಡೆಯ ಎಡಕ್ಕೆ. ಗೊತ್ತಿರುವ ಮುದುಕರು ಇನ್ನು ನಾಲ್ಕೈದು ಮಂದಿ ಉಳಿದಿದ್ದಾರೆ. "ಅಕ್ಕಾ, ನಮ್ಮ ಮನಿ ಹಿರೇರಿಂದ ಶುರು ಮಾಡಲ್ಯಾ?" ಅಂತ ಕೇಳಿದ. ಬೇಡ, ನಮ್ಮವರಿಗೆ ಕಟ್ಟೆ ಐತಿ, ಹೆಸರು ಕೆತ್ತಿದ ಕಲ್ಲೈತಿ, ನೀ ಮೊದಲು ಹಳ್ಳದ ಆಚಿ ಓಣಿಗೆ ಹೋಗು ಅಂದೆ.